ಸಿಇಟಿ ಮುಗಿದ ಮೇಲಿನ ಎರಡು ತಿಂಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ತುಂಬಿದ ಶಾಲೆಯನ್ನು ಹೊಗಳುವವರು ಇಂದು ಬೇಕಾದಷ್ಟು ಜನ ಇದ್ದೀರಿ. ನನಗೆ ಕೊಟ್ಟ ಹತ್ತು ನಿಮಿಷವನ್ನು ಒಂದು ಕೆಲಸದ ಮಾತಿಗೆ ಬಳಸಿಕೊಳ್ಳುತ್ತೇನೆ.

ನಾನು ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಭೌತಶಾಸ್ತ್ರ ಪಾಠ ಮಾಡುವವನು. ಪ್ರತಿ ವರ್ಷ ನಮ್ಮಂಥ ಹಳ್ಳಿ ಶಾಲೆಗಳಲ್ಲಿ ಓದಿದ ಮಕ್ಕಳು ನನ್ನ ತರಗತಿಗೆ ಬರುತ್ತಾರೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ. ಬಾಗಿಲೇನೋ ತೆರೆದಿದೆ. ಆದರೆ ಒಳಗೆ ಬಂದ ಮೇಲೆ ಮೊದಲ ಸೆಮಿಸ್ಟರಿನಲ್ಲೇ ಕೆಲವರು ಮಂಕಾಗುತ್ತಾರೆ. ಮೆಲ್ಲಗೆ ಹಿಂದಿನ ಬೆಂಚಿಗೆ ಸರಿಯುತ್ತಾರೆ. ಹಬ್ಬಕ್ಕೆಂದು ಊರಿಗೆ ಹೋದ ಒಬ್ಬಿಬ್ಬರು ವಾಪಸ್ ಬರುವುದೇ ಇಲ್ಲ. ಅಪ್ಪ ಅಮ್ಮ ಸಾಲ ಮಾಡಿ ಕಟ್ಟಿದ ಫೀಸು ಹೋಗುವುದು ಒಂದು ನಷ್ಟ. "ನನಗೆ ತಲೆ ಇಲ್ಲ" ಎಂದು ಆ ಮಗು ನಂಬಿಬಿಡುವುದು ಅದಕ್ಕಿಂತ ದೊಡ್ಡ ನಷ್ಟ. ಹದಿನೆಂಟು ವರ್ಷಕ್ಕೆ ಕೂತ ಆ ನಂಬಿಕೆ ಮತ್ತೆ ಬೇಗ ಏಳುವುದಿಲ್ಲ.

ತಲೆ ಇಲ್ಲದವರು ಸಿಇಟಿ ದಾಟಿ ಬರುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಸಿಇಟಿಯ ಭೌತಶಾಸ್ತ್ರದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಂದರೆ ಪ್ರಶ್ನೆಗೆ 80 ಸೆಕೆಂಡು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಅದಕ್ಕೆ ತಕ್ಕಂತೆ ಮಕ್ಕಳು ಸೂತ್ರ ಬಾಯಿಪಾಠ ಮಾಡಿ, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಹೆಕ್ಕುವುದನ್ನು ಕಲಿತಿರುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಹಾಗಲ್ಲ. ಅಲ್ಲಿ ಚಿತ್ರ ನೀವೇ ಬರೆಯಬೇಕು, ಯಾವ ನಿಯಮ ಹೊಂದುತ್ತದೆಂದು ನೀವೇ ಹೇಳಬೇಕು, ಬಂದ ಉತ್ತರ ನಂಬಲು ಯೋಗ್ಯವೇ ಎಂದೂ ನೀವೇ ನೋಡಬೇಕು. ಸಿಇಟಿ ಮುಗಿದು ಕಾಲೇಜು ಶುರುವಾಗುವ ತನಕ ಕನಿಷ್ಠ ಎರಡು ತಿಂಗಳು ಸಿಗುತ್ತದೆ. ಆಗ ಮುಂದಿನ ಪಾಠಗಳಾದ ಲೇಸರ್, ಕ್ವಾಂಟಂ ಎಂದು ಹೊಸ ಪುಸ್ತಕ ಹಿಡಿದು ಕೂರಬೇಡಿ. ಅವನ್ನು ನಾವು ಕಲಿಸುತ್ತೇವೆ. ನೀವು ಹಿಂದಕ್ಕೆ ಬನ್ನಿ, ಇದೇ ಶಾಲೆಯ ಪಾಠಕ್ಕೆ.

ಮೊದಲು 9 ಮತ್ತು 10ನೇ ತರಗತಿಯ ಕನ್ನಡದ ವಿಜ್ಞಾನ ಪುಸ್ತಕ ತೆಗೆಯಿರಿ. ಚಲನೆ, ಬಲ, ಶಕ್ತಿ, ವಿದ್ಯುತ್, ಇಷ್ಟು ಸಾಕು. ವೇಗೋತ್ಕರ್ಷ ನಿಮಗೆ ಇಲ್ಲಿ ಅರ್ಥವಾಗಿತ್ತು. ಪಿಯುಸಿಯಲ್ಲಿ ಅಕ್ಸೆಲರೇಶನ್ ಎಂಬ ಹೆಸರು ಕಲಿತಿರಿ. ಎಷ್ಟೋ ಮಕ್ಕಳ ತಲೆಯಲ್ಲಿ ಇವೆರಡೂ ಬೇರೆ ಬೇರೆ ಕೋಣೆಯಲ್ಲಿವೆ. ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಅಳತೆಯ ಮಾನ, ನಿಮ್ಮದೇ ಮಾತಿನಲ್ಲಿ ಒಂದು ವಾಕ್ಯ ಬರೆಯಿರಿ. ದಿನಕ್ಕೆ ನಾಲ್ಕು ಪದವಾದರೂ ಎರಡು ತಿಂಗಳಲ್ಲಿ 240 ಆಗುತ್ತದೆ.

ಎರಡನೆಯದು, ಬಲಗಳ ಚಿತ್ರ. ಗೋಡೆಗೆ ಏಣಿ ಒರಗಿಸಿ ಹತ್ತುವಾಗ "ಬುಡ ಹಿಡ್ಕೊಳ್ಳೋ" ಅನ್ನುತ್ತೇವಲ್ಲ, ಯಾಕೆ? ಏಣಿಯ ತೂಕ, ಹತ್ತುವವನ ತೂಕ, ನೆಲ ಮೇಲಕ್ಕೆ ಒತ್ತುವುದು, ಗೋಡೆ ಹೊರಕ್ಕೆ ಒತ್ತುವುದು, ಬುಡ ಜಾರದಂತೆ ತಡೆಯುವ ಘರ್ಷಣೆ, ಇಷ್ಟಕ್ಕೂ ಬಾಣದ ಗುರುತು ಹಾಕಿ. ಮನುಷ್ಯ ಮೇಲೆ ಹೋದಷ್ಟೂ ಬುಡದಲ್ಲಿ ಹೆಚ್ಚು ಘರ್ಷಣೆ ಬೇಕೆಂದು ಲೆಕ್ಕ ಹೇಳುತ್ತದೆ. ನಮ್ಮ ಹಿರಿಯರ ಎಚ್ಚರಿಕೆಯೇ ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನ ಒಂದು ಪಾಠ.

ಮೂರನೆಯದು, ನಕ್ಷೆ. ನಮ್ಮೂರಿನ ಬಸ್ಸು ತಾಲ್ಲೂಕಿಗೆ ಹೋಗುವುದನ್ನು ದೂರ ಮತ್ತು ಕಾಲದ ನಕ್ಷೆಯಾಗಿ ಬರೆಯಿರಿ. ಗೆರೆ ಎಷ್ಟು ಕಡಿದಾಗಿದೆಯೋ ಅದು ವೇಗ. ವೇಗದ ನಕ್ಷೆ ಬರೆದರೆ ಅದರ ಕೆಳಗಿನ ಜಾಗ ಸಾಗಿದ ದೂರ. ಕ್ಯಾಲ್‌ಕ್ಯುಲಸ್ ಎಂದು ಹೆದರಿಸುವುದರ ತಿರುಳು ಇದೇ.

ನಾಲ್ಕನೆಯದು, ಅಳೆದು ನೋಡುವುದು. ಬೋರ್‌ವೆಲ್ಲಿನ ನೀರಿನ ಮಟ್ಟ ನೂರು ಮೀಟರ್ ಕೆಳಗಿದೆ ಎಂದುಕೊಳ್ಳಿ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. ಅದನ್ನು ಮೇಲೆತ್ತಲು 980 ಜೂಲ್ ಶಕ್ತಿ ಬೇಕು. 5 ಎಚ್‌ಪಿ ಮೋಟಾರು ಎಂದರೆ 3,730 ವಾಟ್, ಅಂದರೆ ಸೆಕೆಂಡಿಗೆ ಅಷ್ಟು ಜೂಲ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 3.8 ಲೀಟರ್. 200 ಲೀಟರಿನ ಡ್ರಮ್ಮು ಸುಮಾರು 53 ಸೆಕೆಂಡಿನಲ್ಲಿ ತುಂಬಬೇಕು. ಈಗ ಮೊಬೈಲಿನಲ್ಲಿ ಟೈಮ್ ಹಿಡಿದು ನೋಡಿ. ಹೆಚ್ಚು ಹೊತ್ತು ಹಿಡಿಯುತ್ತದೆ. ಉಳಿದ ಶಕ್ತಿ ಎಲ್ಲಿ ಹೋಯಿತು? ಪಂಪಿನೊಳಗೆ, ಪೈಪಿನ ಉದ್ದಕ್ಕೂ ಘರ್ಷಣೆಯಲ್ಲಿ. ಎಷ್ಟು ಹೋಯಿತು, ಅದನ್ನು ಕಡಿಮೆ ಮಾಡುವುದು ಹೇಗೆ ಎಂದು ಕೇಳಿದ ಮಗು ಕಾಲೇಜು ಸೇರುವ ಮೊದಲೇ ಎಂಜಿನಿಯರ್.

ಇನ್ನು ಊರಿನವರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ ಎಂಬ ಮಾತು ಬಂದಿದೆ. ಸಂತೋಷ. ಅದರ ಜೊತೆಗೆ, ಶಾಲೆಯವರು ಒಪ್ಪಿದರೆ, ಆ ಎರಡು ತಿಂಗಳ ಭಾನುವಾರಗಳಲ್ಲಿ ಪ್ರಯೋಗಾಲಯದ ಬಾಗಿಲು ತೆಗೆಯೋಣ. ಅಲ್ಲಿ ತಕ್ಕಡಿ, ಮಸೂರ, ಅಮ್ಮೀಟರ್, ವೋಲ್ಟ್‌ಮೀಟರ್ ಇವೆ. ಕೆಟ್ಟ ಮೀಟರ್ ರಿಪೇರಿ ಮಾಡಬಲ್ಲ ಎಲೆಕ್ಟ್ರಿಷಿಯನ್‌ಗಳು ನಮ್ಮಲ್ಲೇ ಇದ್ದಾರೆ. ಪಂಪು ಬಿಚ್ಚಿ ತೋರಿಸಬಲ್ಲ ಮೆಕ್ಯಾನಿಕ್ಕುಗಳೂ ಇದ್ದಾರೆ. ಅವರೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ, ಅವರೂ ಪಾಠ ಮಾಡಲಿ. ತಿಂಗಳಿಗೆ ಎರಡು ಭಾನುವಾರ ನಾನು ಬರುತ್ತೇನೆ. ಈ ವರ್ಷ ನಮ್ಮೂರಿನಿಂದ ಎಂಜಿನಿಯರಿಂಗ್‌ಗೆ ಹೋಗುವ ಮಕ್ಕಳು ನಾಲ್ಕೇ ಇರಲಿ, ಆ ನಾಲ್ವರೂ ಹಬ್ಬ ಮುಗಿಸಿಕೊಂಡು ಕಾಲೇಜಿಗೆ ವಾಪಸ್ ಹೋಗುವಂತಾದರೆ ಸಾಕು.

ಭಾನುವಾರಕ್ಕೆ ಹೆಸರು ಕೊಡುವವರು ಕಾರ್ಯಕ್ರಮ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಕೊಠಡಿಗೆ ಬನ್ನಿ, ನಾನು ಅಲ್ಲಿರುತ್ತೇನೆ.