ಭೀಮಾ ಸುಣ್ಣಕಲ್ಲಿನಲ್ಲಿ ರಂಜಕ

ಪಟ್ಟಣದ ಮನೆಗಳಲ್ಲಿ ನೆಲಕ್ಕೆ ಹಾಸುವ ಷಹಾಬಾದಿನ ಕಲ್ಲನ್ನು ಕಾಣದವರು ವಿರಳ. ಆ ನುಣುಪಾದ ಚಪ್ಪಡಿಯು ಪುರಾತನ ಸಮುದ್ರವೊಂದರ ತಳದಲ್ಲಿ ಪದರಪದರವಾಗಿ ನಿಂತ ಸುಣ್ಣದ ಕೆಸರು. ಈ ಶಿಲಾವರ್ಗಕ್ಕೆ ಭೂಗರ್ಭಶಾಸ್ತ್ರಜ್ಞರು ಭೀಮಾ ನದಿಯ ಹೆಸರನ್ನಿಟ್ಟಿದ್ದಾರೆ. ಸುಮಾರು 5,200 ಚದರ ಕಿಲೋಮೀಟರು ಹಬ್ಬಿರುವ ಇದು ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳ ಕಡೆಗೂ ಚಾಚಿದೆ. ಈ ಕಲ್ಲಿನಲ್ಲಿ ಅಲ್ಲಲ್ಲಿ ಅಡಗಿರುವ ರಂಜಕದ ಖನಿಜವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ರಂಜಕವು ನಮಗೆ ಅಪರಿಚಿತವಲ್ಲ. ನಮ್ಮ ಎಲುಬು ಹಲ್ಲುಗಳಿಗೆ ಗಟ್ಟಿತನವನ್ನು ಕೊಡತಕ್ಕದ್ದು ಸುಣ್ಣದೊಡನೆ ಕೂಡಿದ ರಂಜಕವೇ. ಅದು ಅಪಟೈಟ್ ಎಂಬ ಖನಿಜದ ಜಾತಿಯದು. ಪೈರು ಬೇರೂರುವುದಕ್ಕೂ ಕಾಳು ಕಟ್ಟುವುದಕ್ಕೂ ರಂಜಕ ಬೇಕು. ಉದಯಪುರದ ಬಳಿಯ ಝಾಮರ್‌ಕೋಟ್ರಾದಂಥ ದೊಡ್ಡ ಗಣಿಗಳು ಭಾರತದಲ್ಲಿ ಕೆಲವೇ. ಬೇಕಾದ ರಂಜಕಶಿಲೆಯ ಬಹುಭಾಗವು ಹೊರದೇಶಗಳಿಂದ ಬರುತ್ತದೆ. ಹೀಗಿರಲು, ಶಹಾಪುರದ ಕಡೆಯ ಉಕ್ಕಿನಾಳದ ಸುಣ್ಣಕಲ್ಲಿನಲ್ಲಿ ರಂಜಕವುಂಟೆಂದು ಕೇಳಿದವರಿಗೆ, ಅದನ್ನೇ ಪುಡಿಮಾಡಿ ಹೊಲಕ್ಕೆ ಎರಚಬಾರದೇಕೆ ಎಂದು ತೋರುವುದು ಸಹಜ.

ಆದರೆ ಅಲ್ಲಿಯ ರಂಜಕವು ಒಂಟಿಯಾಗಿಲ್ಲ. ಪರಮಾಣು ಖನಿಜ ನಿರ್ದೇಶನಾಲಯದ ಶೋಧಕರು ಅದರೊಡನೆ ಯುರೇನಿಯಮ್ಮನ್ನೂ ಕಂಡರು. ಯುರೇನಿಯಮ್ಮಿನ ಒಂದು ರೂಪವು ಗಾತ್ರದಲ್ಲಿ ಕ್ಯಾಲ್ಸಿಯಮ್ಮಿಗೆ ಸಮೀಪವಾದುದರಿಂದ, ಅಪಟೈಟಿನ ಹರಳಿನೊಳಗೆ ಅದರ ಸ್ಥಾನವನ್ನು ಹಿಡಿದು ಕೂಡಬಲ್ಲುದು.

ರಂಜಕದ ಈ ಗುಣಕ್ಕೆ ಸುರಪುರದ ಕಡೆಯಲ್ಲಿಯೇ ಒಂದು ದೃಷ್ಟಾಂತವಿದೆ. ಹುಣಸಗಿಯ ಬಳಿಯ ಇಸಾಂಪುರದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರೂ ಅವರ ಸಂಗಡಿಗರೂ 1997ರಿಂದ ಅಗೆದು, ಆದಿಮಾನವರು ಕಲ್ಲಿನ ಕೈಗೊಡಲಿಗಳನ್ನು ಮಾಡುತ್ತಿದ್ದ ಸ್ಥಳವನ್ನು ಬೆಳಕಿಗೆ ತಂದರು. ಅಲ್ಲಿ ಮೃಗಗಳ ಹಲ್ಲುಗಳೂ ದೊರೆತವು. ಮಣ್ಣಿನಲ್ಲಿ ಹೂತ ಹಲ್ಲು ಅಂತರ್ಜಲದಿಂದ ಯುರೇನಿಯಮ್ಮನ್ನು ಹೀರಿಕೊಳ್ಳುತ್ತದೆ. ಅದರ ಕಿರಣಗಳೂ ಸುತ್ತಲ ಮಣ್ಣಿನ ಕಿರಣಗಳೂ ಹಲ್ಲಿನ ಹೊರಕವಚದಲ್ಲಿ ಉಳಿಸಿದ ಗುರುತನ್ನಳೆದು, ವಿಜ್ಞಾನಿಗಳು ಅದರ ವಯಸ್ಸನ್ನು ಸುಮಾರು ಹನ್ನೆರಡು ಲಕ್ಷ ವರ್ಷವೆಂದು ಗಣಿಸಿದರು.

ಶಹಾಪುರ ತಾಲ್ಲೂಕಿನ ಗೋಗಿಯ ಸಂಗತಿ ಬೇರೆ. ಆದಿಲಶಾಹಿಯ ಮೊದಲ ಅರಸರ ಗೋರಿಗಳಿರುವ ಊರಿದು. ಇಲ್ಲಿ ಭೂಮಿಯ ಸ್ತರಭಂಗದ ಗುಂಟ ಸುಣ್ಣಕಲ್ಲು ಒಡೆದು ನುಚ್ಚಾಗಿದೆ. ಯುರೇನಿಯಮ್ಮು ರಂಜಕದ ಆಶ್ರಯದಲ್ಲಿರದೆ, ಪಿಚ್‌ಬ್ಲೆಂಡ್, ಕಾಫಿನೈಟ್ ಎಂಬ ಖನಿಜಗಳಾಗಿ ಗಂಧಕಯುಕ್ತವಾದ ಪೈರೈಟಿನ ಜೊತೆಗೆ ಬಿರುಕುಗಳಲ್ಲಿ ನೆಲಸಿದೆ. ಇಂಥ ಅದಿರಿಗೆ ಗಾಳಿ ನೀರು ತಾಗಿದರೆ ಯುರೇನಿಯಮ್ಮು ಕ್ರಮೇಣ ಕರಗುತ್ತದೆ; ಸುಣ್ಣಕಲ್ಲಿನ ನೀರಿನಲ್ಲಿರುವ ಕಾರ್ಬೊನೇಟು ಅದನ್ನು ದೂರಕ್ಕೂ ಒಯ್ಯಬಲ್ಲುದು. ಗಣಿಯ ಮಾತು ಬಂದಾಗ ಊರಿನವರು ನೀರಿನ ಚಿಂತೆಯನ್ನೆತ್ತುವುದು ಅಜ್ಞಾನವಲ್ಲ. ಅದಕ್ಕೆ ರಸಾಯನಶಾಸ್ತ್ರದ ಆಧಾರವಿದೆ.

ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಯುರೇನಿಯಮ್ಮು 30 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಇಂಥ ನೆಲದಲ್ಲಿ ಗಣಿಯಿಲ್ಲದೆಯೂ ಬಾವಿಗಳಲ್ಲಿ ಯುರೇನಿಯಮ್ಮು ಇರಬಹುದು. ಆದಕಾರಣ ಗುದ್ದಲಿ ಬೀಳುವ ಮೊದಲೇ ಪ್ರತಿಯೊಂದು ಬಾವಿಯ ನೀರನ್ನೂ, ಮಳೆಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ, ಅಳೆದು ಬರೆದಿಡತಕ್ಕದ್ದು. ಆ ಬರಹವಿಲ್ಲದಿದ್ದರೆ, ಮುಂದೆ ನೀರು ಕೆಟ್ಟಿತೆಂದು ಊರಿನವರಾಗಲಿ ಕೆಡಲಿಲ್ಲವೆಂದು ಗಣಿಯವರಾಗಲಿ ಸಿದ್ಧಪಡಿಸಲಾರರು. ನೆಲದೊಳಗಿನ ನಿಕ್ಷೇಪದ ಲೆಕ್ಕವನ್ನು ಬರೆಯುವ ಪುಸ್ತಕದಲ್ಲಿ ಊರಬಾವಿಯ ಲೆಕ್ಕಕ್ಕೆ ಮೊದಲನೆಯ ಪುಟವನ್ನು ಬಿಡುವುದು ನ್ಯಾಯ.