ಖಾಲಿ ಚೌಕದಲ್ಲಿ ಯಾವ ಅಕ್ಷರ?

ಮಕ್ಕಳೇ, ಹಾಳೆಯ ಮೇಲೆ ಸಾಲಾಗಿ ಐದು ಚೌಕ ಬರೆಯಿರಿ. ಮೊದಲನೆಯದರಲ್ಲಿ ಇಂಗ್ಲಿಷಿನ ಎಸ್ ಇರಲಿ. ಎರಡನೆಯದು ಖಾಲಿ. ಆಮೇಲೆ ಜಿ, ಎ, ಆರ್. ಖಾಲಿ ಚೌಕಕ್ಕೆ ಯಾವ ಅಕ್ಷರ ಹೊಂದುತ್ತದೆ?

ಸಾಗರದ ಮಕ್ಕಳು ಥಟ್ಟನೆ ‘ಎ’ ಎಂದಾರು. ಅವರ ಊರಿನ ಹೆಸರೇ ಬಂತಲ್ಲ! ತೀರ್ಥಹಳ್ಳಿಯ ಯಾರಾದರೂ ‘ಯು’ ಹಾಕಿ ಶುಗರ್ ಮಾಡಬಹುದು. ಎರಡೂ ಸರಿಯೇ. ಉಳಿದ ಅಕ್ಷರಗಳನ್ನೂ ಒಂದೊಂದಾಗಿ ಇಟ್ಟು ನೋಡಿ. ಹೆಚ್ಚಿನವು ಅರ್ಥವಿಲ್ಲದ ಸದ್ದುಗಳಾಗಿಯೇ ಉಳಿಯುತ್ತವೆ.

ಐದು ಚೌಕಗಳೂ ಖಾಲಿ ಇದ್ದಿದ್ದರೆ? ಒಂದೊಂದಕ್ಕೂ 26 ಆಯ್ಕೆ. 26ನ್ನು ಐದು ಸಲ ಬರೆದು ಗುಣಿಸಿದರೆ 1,18,81,376 ಬರುತ್ತದೆ. ಒಂದು ಕೋಟಿಗೂ ಮಿಕ್ಕಿದ ಜೋಡಣೆಗಳು! ನಾಲ್ಕು ಅಕ್ಷರ ಗೊತ್ತಾದ ಕೂಡಲೇ ಆ ಕೋಟಿ 26ಕ್ಕೆ ಇಳಿಯಿತು. ಜಾಶ್ ವಾರ್ಡಲ್ 2021ರಲ್ಲಿ ಎಲ್ಲರಿಗೂ ಆಡಲು ಬಿಟ್ಟ ‘ವರ್ಡಲ್’ ಆಟದ ಸೊಗಸು ಇರುವುದು ಇಲ್ಲೇ. ಅಡಗಿರುವ ಐದಕ್ಷರದ ಪದವನ್ನು ಆರು ಪ್ರಯತ್ನಗಳಲ್ಲಿ ಕಂಡುಹಿಡಿಯಬೇಕು. ಪ್ರತಿ ಸಲವೂ ಯಾವ ಅಕ್ಷರ ಸರಿ, ಯಾವುದು ಇದ್ದರೂ ಜಾಗ ತಪ್ಪಿದೆ, ಯಾವುದು ಇಲ್ಲವೇ ಇಲ್ಲ ಎಂದು ಬಣ್ಣ ಹೇಳುತ್ತದೆ.

ಕನ್ನಡಕ್ಕೆ ಬಂದರೆ ಲೆಕ್ಕ ಇನ್ನೂ ರುಚಿಯಾಗುತ್ತದೆ. ಪತ್ರಿಕೆಯ ಪದಬಂಧ ನೋಡಿದ್ದೀರಲ್ಲ? ಇಂಗ್ಲಿಷಿನಲ್ಲಿ ತೀರ್ಥಹಳ್ಳಿಗೆ 12 ಚೌಕ ಬೇಕು. ಕನ್ನಡದಲ್ಲಿ ತೀ, ರ್ಥ, ಹ, ಳ್ಳಿ ಎಂದು ನಾಲ್ಕೇ ಸಾಕು. ಕಾಗುಣಿತ, ಒತ್ತು ಎಲ್ಲವೂ ಒಂದೇ ಚೌಕದೊಳಗೆ. ಕಂಪ್ಯೂಟರ್ ಇದನ್ನೇ ಬೇರೆ ಥರ ಎಣಿಸುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ದೀರ್ಘ, ಗುಡಿಸು, ಒತ್ತು ಮೂಡಿಸುವ ಗುರುತು ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಹಾಗಾಗಿ ತೀರ್ಥಹಳ್ಳಿ ಅದಕ್ಕೆ ಹತ್ತು ಸಂಕೇತಗಳ ಸಾಲು. ಊರು ಒಂದೇ, ಎಣಿಕೆ ಮೂರು!

ನಮ್ಮ ಒಂದು ಚೌಕದಲ್ಲಿ ಎಷ್ಟು ಬಗೆಯ ಅಕ್ಷರ ಕೂರಬಹುದು? 34 ವ್ಯಂಜನಗಳು, ಒಂದೊಂದಕ್ಕೂ 15 ಕಾಗುಣಿತ, ಅಲ್ಲಿಗೆ 510. ಸ್ವರಗಳೂ ಅಂ, ಅಃಗಳೂ ಸೇರಿ ಇನ್ನು 15. ಒತ್ತಕ್ಷರ ಬಿಟ್ಟೇ 525! ಹೀಗಿದ್ದೂ ಪದಬಂಧ ಬಿಡಿಸುತ್ತೇವೆ. ಏಕೆಂದರೆ ಭಾಷೆ ಎಲ್ಲ ಅಕ್ಷರಗಳನ್ನೂ ಎಲ್ಲ ಕಡೆ ಕೂರಿಸುವುದಿಲ್ಲ. ‘ಣ’ ಅಥವಾ ‘ಳ’ದಿಂದ ಶುರುವಾಗುವ ಮಾತು ಹುಡುಕಿ ನೋಡಿ, ಸಿಗುವುದು ಕಷ್ಟ.

ಈಗ ನನಗೆ ಬಹಳ ಇಷ್ಟವಾದ ಭಾಗ. ನಾಲ್ಕು ಚೌಕದ ಊರು, ಕೊನೆಯಲ್ಲಿ ‘ಹಳ್ಳಿ’ ಎಂದರೆ ನಿಮಗೆ ಏನು ತಿಳಿಯಿತು? ಹೆಚ್ಚೇನೂ ಇಲ್ಲ, ನಾಡಿನ ತುಂಬ ಹಳ್ಳಿಗಳೇ. ಎರಡನೆಯ ಚೌಕದಲ್ಲಿ ‘ರ್ಥ’ ಎಂದರೆ ಮಾತ್ರ ತೀರ್ಥಹಳ್ಳಿ ಕಣ್ಣಮುಂದೆ ಬಂದುಬಿಡುತ್ತದೆ. ಅಪರೂಪದ ಅಕ್ಷರ ಹೆಚ್ಚು ಹೇಳುತ್ತದೆ. ಎಲ್ಲೆಲ್ಲೂ ಸಿಗುವ ಅಕ್ಷರ ಕಡಿಮೆ ಹೇಳುತ್ತದೆ. ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ‘ಎಷ್ಟು ಹೇಳುತ್ತದೆ’ ಎಂಬುದನ್ನು ಅಳೆಯುವ ಗಣಿತವನ್ನೇ ಕೊಟ್ಟರು. ಅದರ ಅಳತೆಗೆ ‘ಬಿಟ್’ ಎಂದು ಹೆಸರು. ಒಂದೇ ತೂಕದ ಎರಡು ಸಾಧ್ಯತೆಗಳಲ್ಲಿ ಯಾವುದೆಂದು ತಿಳಿಸುವ ಹೌದು-ಅಲ್ಲ ಉತ್ತರ ಒಂದು ಬಿಟ್.

ಆಡಿಯೇ ನೋಡೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಿಂದ ಮೂರಕ್ಷರದ ಎಂಟು ಹೆಸರು: ಸಾಗರ, ಕೆಳದಿ, ಇಕ್ಕೇರಿ, ಹೆಗ್ಗೋಡು, ನಗರ, ನಿಟ್ಟೂರು, ಕುಪ್ಪಳಿ, ಆಗುಂಬೆ. (ಕೆಳದಿ ನಾಯಕರ ಮೂರು ರಾಜಧಾನಿಗಳೂ ಇದರಲ್ಲಿವೆ. ನಗರ ಎಂದರೆ ಹಿಂದಿನ ಬಿದನೂರು.) ಗೆಳತಿ ಮನಸ್ಸಿನಲ್ಲಿ ಒಂದನ್ನು ಹಿಡಿದುಕೊಳ್ಳಲಿ. “ಆಗುಂಬೆಯಾ?” ಎಂದು ಕೇಳಿದರೆ ಅದೃಷ್ಟವಿದ್ದರೆ ಗೆದ್ದಿರಿ. ಇಲ್ಲದಿದ್ದರೆ ಇನ್ನೂ ಏಳು ಉಳಿದವು. ಬದಲಿಗೆ “ಒತ್ತಕ್ಷರ ಇದೆಯಾ?” ಎಂದು ಕೇಳಿ. ಇದೆ ಎಂದರೂ ಇಲ್ಲ ಎಂದರೂ ಉಳಿಯುವುದು ನಾಲ್ಕೇ! ಇಲ್ಲ ಎಂದಳು ಅನ್ನಿ. “ಕೊನೆಗೆ ‘ರ’ ಇದೆಯಾ?” ಹೌದಾದರೆ ಸಾಗರ, ನಗರ, ಅಲ್ಲವಾದರೆ ಕೆಳದಿ, ಆಗುಂಬೆ. ಇನ್ನೊಂದು ಪ್ರಶ್ನೆಗೆ ಊರು ಸಿಕ್ಕಿತು. ಒತ್ತಕ್ಷರ ಇದ್ದ ನಾಲ್ಕನ್ನು ಹೇಗೆ ಎರಡೆರಡು ಮಾಡುತ್ತೀರಿ? ಕೊನೆಯ ಅಕ್ಷರದ ಕಾಗುಣಿತ ಗಮನಿಸಿ.

ಪ್ರತಿ ಪ್ರಶ್ನೆಯೂ ಅರ್ಧಕ್ಕರ್ಧ ಕಳೆದರೆ ಎಂಟಕ್ಕೆ ಮೂರು ಪ್ರಶ್ನೆ, ಹದಿನಾರಕ್ಕೆ ನಾಲ್ಕು. ಹತ್ತು ಪ್ರಶ್ನೆಗಳಿಗೆ 1,024 ಹೆಸರು! ಇಪ್ಪತ್ತಕ್ಕೆ ಹತ್ತು ಲಕ್ಷವೂ ದಾಟುತ್ತದೆ. ಪ್ರಶ್ನೆ ಬೆಳೆಯುವುದು ಒಂದೊಂದೇ, ಹೆಸರುಗಳು ಬೆಳೆಯುವುದು ಇಮ್ಮಡಿಯಾಗಿ. ಕಂಪ್ಯೂಟರ್ ಅಷ್ಟು ಬೇಗ ಹುಡುಕುವುದರ ಹಿಂದಿನ ಒಂದು ಉಪಾಯವೂ ಹೀಗೆ ಅರ್ಧರ್ಧ ಮಾಡುವುದೇ.

ನಡುವೆ ಹೊಸನಗರದ ಮಕ್ಕಳಿಗೊಂದು ಲೆಕ್ಕ. ನಿಮ್ಮೂರನ್ನು ಇಂಗ್ಲಿಷಿನಲ್ಲಿ ಬರೆದರೆ ಹತ್ತು ಅಕ್ಷರ. ಅದರಲ್ಲಿ ನಾಲ್ಕನ್ನು ಅಳಿಸಿ. ಉಳಿದವನ್ನು ಅದಲುಬದಲು ಮಾಡದೆ ಓದಿದರೆ ಪಕ್ಕದ ತಾಲ್ಲೂಕಿನ ಹೆಸರು ಬರಬೇಕು. ಅಳಿಸಿದ್ದು ಯಾವ ನಾಲ್ಕು?

ಮುಂದಿನ ಆಟ ನೀವೇ ಕಟ್ಟಿ. ನಾಲ್ಕಕ್ಷರದ ತಾಳಗುಪ್ಪ, ಕೋಣಂದೂರು, ಮಂಡಗದ್ದೆ, ಶರಾವತಿ ಹುಟ್ಟುವ ಅಂಬುತೀರ್ಥ, ಇವನ್ನೂ ಸೇರಿಸಿಕೊಳ್ಳಿ. ಇನ್ನು ನಾಲ್ಕು ಹೆಸರು ಹುಡುಕಿದರೆ ಪಟ್ಟಿ ಹದಿನಾರಾಗುತ್ತದೆ. ಕಷ್ಟವಿರುವುದು ಹೆಸರು ಸೇರಿಸುವುದರಲ್ಲಲ್ಲ. ಹದಿನಾರನ್ನು ಸರಿಯಾಗಿ ಎಂಟೆಂಟು ಮಾಡುವ ಮೊದಲ ಪ್ರಶ್ನೆಯನ್ನು ಹೊಸೆಯುವುದರಲ್ಲಿ.