ಮಾರ್ಕ್ಸ್ ಕೊಡೋರಿಗೆ ಮಾರ್ಕ್ಸ್ ಕೊಡೋರು ಯಾರು?

ಇವತ್ತು ವಿಧಾನಸೌಧ ಬಿಟ್ಟು ಬಹಳ ದೂರ ಹೋಗೋಣ. ಅಮೆರಿಕದ ಒಹಾಯೊ ರಾಜ್ಯ, 2018ರ ಜನವರಿ ತಿಂಗಳು. ಶಾಲಾ ವರ್ಷ ಅರ್ಧ ಮುಗಿದಿದೆ. ಆಗ ಒಂದೇ ಒಂದು ಶಾಲೆಗೆ ಬೀಗ ಬಿತ್ತು. ಸುಮಾರು 12 ಸಾವಿರ ಮಕ್ಕಳು ಬೇರೆ ಶಾಲೆ ಹುಡುಕಿಕೊಂಡು ಹೊರಟರು. ಒಂದೇ ಶಾಲೆಯಲ್ಲಿ 12 ಸಾವಿರ ಮಕ್ಕಳಾ ಅಂತ ಕೇಳ್ತೀರಿ. ಹೌದು, ಅದು ಆನ್‌ಲೈನ್ ಶಾಲೆ. ಎಲೆಕ್ಟ್ರಾನಿಕ್ ಕ್ಲಾಸ್‌ರೂಮ್ ಆಫ್ ಟುಮಾರೊ, ಚಿಕ್ಕದಾಗಿ ಇಕಾಟ್. ಕಚೇರಿ ಕೊಲಂಬಸ್ ನಗರದಲ್ಲಿ, ಮಕ್ಕಳು ಅವರವರ ಮನೆಯಲ್ಲಿ, ದುಡ್ಡು ಸರ್ಕಾರದ್ದು. 2000ನೇ ಇಸವಿಯಲ್ಲಿ ಶುರುವಾದ ಈ ಶಾಲೆಗೆ ಮುಚ್ಚುವ ಹೊತ್ತಿಗೆ ಹೋಗಿದ್ದ ಸರ್ಕಾರಿ ಹಣ ಸುಮಾರು ನೂರು ಕೋಟಿ ಡಾಲರ್.

ಶಾಲೆ ಯಾಕೆ ಮುಚ್ಚಿತು ಅನ್ನೋದಕ್ಕಿಂತ, ಅಷ್ಟು ವರ್ಷ ಯಾಕೆ ಮುಚ್ಚಲಿಲ್ಲ ಅನ್ನೋದೇ ನನಗೆ ದೊಡ್ಡ ಪ್ರಶ್ನೆ. ಯಾಕಂದ್ರೆ ಅಲ್ಲಿ ಕಾವಲಿನವರು ಇದ್ದರು. ಕಾವಲಿನವರ ಮೇಲೆ ಇನ್ನೊಬ್ಬ ಕಾವಲಿನವನೂ ಇದ್ದ.

ಮೊದಲು ಈ ವ್ಯವಸ್ಥೆ ಏನು ಅಂತ ಹೇಳಿಬಿಡ್ತೀನಿ. ಚಾರ್ಟರ್ ಶಾಲೆ ಅಂದ್ರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಆದರೆ ಸರ್ಕಾರ ತಾನೇ ನಡೆಸದ ಶಾಲೆ. ಫೀಸ್ ಇಲ್ಲ. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು, ಒಹಾಯೊ 1997ರಲ್ಲಿ. ನಿಮಗೆ ಸ್ವಾತಂತ್ರ್ಯ ಕೊಡ್ತೀವಿ, ಮಕ್ಕಳು ಕಲಿತಿದ್ದಾರೆ ಅಂತ ನೀವು ತೋರಿಸಬೇಕು, ಇಲ್ಲದಿದ್ದರೆ ಬಾಗಿಲು ಹಾಕ್ತೀವಿ. ಇದೇ ಒಪ್ಪಂದ. ಈ ಒಪ್ಪಂದಕ್ಕೆ ಸಹಿ ಹಾಕುವವರು, ಶಾಲೆಯನ್ನು ನೋಡಿಕೊಳ್ಳುವವರು, ಬೇಕಾದರೆ ಮುಚ್ಚಿಸುವವರು ಅಥರೈಜರ್‌ಗಳು. ಒಹಾಯೊದಲ್ಲಿ ಅವರಿಗೆ ಸ್ಪಾನ್ಸರ್ ಅಂತಾರೆ. ನಮ್ಮಲ್ಲಿ ಸ್ಪಾನ್ಸರ್ ಅಂದ್ರೆ ಗಣೇಶೋತ್ಸವಕ್ಕೆ, ಕ್ರಿಕೆಟ್ ಟೂರ್ನಮೆಂಟಿಗೆ ದುಡ್ಡು ಕೊಡೋರು. ಅಲ್ಲಿ ಉಲ್ಟಾ. ಅಲ್ಲಿ ಸ್ಪಾನ್ಸರ್ ದುಡ್ಡು ತಗೊಳ್ತಾರೆ!

ಕಾನೂನಿನ ಪ್ರಕಾರ, ಶಾಲೆಗೆ ಬರುವ ಸರ್ಕಾರಿ ಹಣದಲ್ಲಿ ನೂರಕ್ಕೆ 3ರವರೆಗೆ ಸ್ಪಾನ್ಸರ್ ಮೇಲ್ವಿಚಾರಣೆಯ ಶುಲ್ಕ ಅಂತ ತೆಗೆದುಕೊಳ್ಳಬಹುದು. ಶಾಲೆಗೆ ಹಣ ಬರೋದು ಮಕ್ಕಳ ತಲೆ ಲೆಕ್ಕದಲ್ಲಿ. ಈಗ ನೀವೇ ಹೇಳಿ. ಮಕ್ಕಳ ಸಂಖ್ಯೆ ಹೆಚ್ಚಾದಷ್ಟೂ ಕಾವಲಿನವನ ಸಂಬಳ ಹೆಚ್ಚು. ಶಾಲೆ ಸರಿಯಿಲ್ಲ ಅಂತ ಮುಚ್ಚಿಸಿದರೆ ಅವನ ಸಂಬಳ ಸೊನ್ನೆ. ಇಂಥಾ ಕಡೆ ಕೂತವನು ಕಣ್ಣು ಬಿಟ್ಟು ನೋಡ್ತಾನಾ? ಕೆಲವರು ನೋಡಿದ್ದಾರೆ, ಇಲ್ಲ ಅನ್ನಲ್ಲ. ಆದರೆ ವ್ಯವಸ್ಥೆ ಅವರ ರೆಪ್ಪೆಯನ್ನು ಕೆಳಕ್ಕೇ ಎಳೆಯುತ್ತೆ.

ಹಾಗಾಗಿ ಸ್ಪಾನ್ಸರ್‌ಗಳಿಗೂ ಮಾರ್ಕ್ಸ್ ಕೊಡಬೇಕು ಅಂತಾಯ್ತು. ಆ ಕೆಲಸ ರಾಜ್ಯದ ಶಿಕ್ಷಣ ಇಲಾಖೆಯದ್ದು. ಇಲಾಖೆಯ ಮೇಲೆ ಸ್ಟೇಟ್ ಬೋರ್ಡ್ ಆಫ್ ಎಜುಕೇಶನ್. ನಾನು ಎಂಜಿನಿಯರಿಂಗ್ ಓದಿದವನು. ಲ್ಯಾಬ್‌ನಲ್ಲಿ ನಮಗೆ ಮೊದಲು ಹೇಳಿಕೊಟ್ಟಿದ್ದೇ, ಮೀಟರ್ ತೋರಿಸುವ ಅಂಕಿ ನಂಬುವ ಮುಂಚೆ ಮೀಟರ್ ಸರಿಯಿದೆಯಾ ನೋಡು ಅಂತ. ಅದನ್ನ ನೋಡೋಕೆ ಅದಕ್ಕಿಂತ ನಿಖರವಾದ ಇನ್ನೊಂದು ಮೀಟರ್ ಬೇಕು. ಒಹಾಯೊದಲ್ಲಿ ಕೆಟ್ಟಿದ್ದು ಆ ಎರಡನೇ ಮೀಟರ್.

2015. ಇಲಾಖೆಯಲ್ಲಿ ಚಾರ್ಟರ್ ಶಾಲೆಗಳ ವಿಭಾಗದ ಮುಖ್ಯಸ್ಥ ಡೇವಿಡ್ ಹ್ಯಾನ್ಸನ್. ಸ್ಪಾನ್ಸರ್‌ಗಳ ಮೌಲ್ಯಮಾಪನ ಇವರ ಕೈಯಲ್ಲಿ. ಒಬ್ಬ ಸ್ಪಾನ್ಸರ್ ಕೆಳಗಿರುವ ಶಾಲೆಗಳ ಫಲಿತಾಂಶ ಒಟ್ಟು ಸೇರಿಸಿ ಆ ಸ್ಪಾನ್ಸರ್‌ಗೆ ದರ್ಜೆ ಕೊಡಬೇಕು. ಇವರು ಆನ್‌ಲೈನ್ ಶಾಲೆಗಳ ಎಫ್ ಗ್ರೇಡ್‌ಗಳನ್ನು ಲೆಕ್ಕದಿಂದಲೇ ತೆಗೆದುಬಿಟ್ಟರು. ಎಫ್ ಅಂದ್ರೆ ಫೇಲ್. ಫೇಲಾದ ಮಕ್ಕಳನ್ನ ಹೊರಗಿಟ್ಟು ಕ್ಲಾಸಿನ ಆವರೇಜ್ ತೆಗೆದ ಹಾಗೆ. ಕೆಲವು ಸ್ಪಾನ್ಸರ್‌ಗಳು ಇದ್ದದ್ದಕ್ಕಿಂತ ಚೆನ್ನಾಗಿ ಕಂಡರು.

ಪತ್ರಿಕೆಯಲ್ಲಿ ವರದಿ ಬಂತು. ಜುಲೈ ತಿಂಗಳಲ್ಲಿ ಬೋರ್ಡ್ ಸಭೆ. ಸದಸ್ಯರು ಎದುರಿಗೇ ಕೂರಿಸಿಕೊಂಡು ಕೇಳಿದರು, ಆ ಎಫ್‌ಗಳು ಎಲ್ಲಿ ಹೋದವು ಅಂತ. ಹ್ಯಾನ್ಸನ್ ಒಪ್ಪಿಕೊಂಡರು. ಅವನ್ನು ಸೇರಿಸಿದರೆ ಬೇರೆ ಶಾಲೆಗಳ ಒಳ್ಳೆ ಸಾಧನೆ ಮುಚ್ಚಿಹೋಗುತ್ತೆ ಅನ್ನೋದು ಅವರ ಸಮರ್ಥನೆ. ಕೆಲವೇ ದಿನದಲ್ಲಿ ರಾಜೀನಾಮೆ. ಕೊಟ್ಟಿದ್ದ ದರ್ಜೆಗಳೆಲ್ಲ ವಾಪಸ್. ಇನ್ನೊಂದು ಮಾತು ಸೇರಿಸಲೇಬೇಕು. ಅವರ ಪತ್ನಿ ಗವರ್ನರ್ ಜಾನ್ ಕೇಸಿಕ್ ಅವರ ಕಚೇರಿಯ ಮುಖ್ಯಸ್ಥೆಯಾಗಿದ್ದವರು. ಕೇಸಿಕ್ ಅದೇ ತಿಂಗಳು ಅಧ್ಯಕ್ಷ ಚುನಾವಣೆಗೆ ನಿಲ್ತೀನಿ ಅಂತ ಘೋಷಿಸಿದರು. ಆಗ ಆ ಬೋರ್ಡ್‌ನಲ್ಲಿ 19 ಸದಸ್ಯರಿದ್ದರು. 11 ಜನ ಚುನಾಯಿತರು, 8 ಜನ ಗವರ್ನರ್ ನೇಮಿಸಿದವರು. ಚುನಾವಣೆಯಲ್ಲಿ ಗೆದ್ದು ಬಂದವರು ಯಾರೂ ಇಲ್ಲದೇ ಹೋಗಿದ್ದರೆ ಆ ಪ್ರಶ್ನೆ ಅಷ್ಟು ಜೋರಾಗಿ ಬರ್ತಿತ್ತಾ? ನನಗೆ ಅನುಮಾನ.

ಗಲಾಟೆ ಆದಮೇಲೆ ಆ ವರ್ಷದ ಕೊನೆಗೆ ಹೊಸ ಕಾನೂನು ಬಂತು. ಸ್ಪಾನ್ಸರ್ ತಾನು ನೋಡಿಕೊಳ್ಳುವ ಶಾಲೆಗೇ ಸಾಮಾನು, ಸೇವೆ ಮಾರುವುದಕ್ಕೆ ತಡೆ. ಅಲ್ಲೀವರೆಗೆ ಅದೂ ನಡೀತಿತ್ತು ನೋಡಿ! ಕೆಟ್ಟ ಶಾಲೆ ಒಬ್ಬ ಸ್ಪಾನ್ಸರ್ ಬೈದ ಅಂತ ಇನ್ನೊಬ್ಬನ ಹತ್ತಿರ ಹಾರೋದಕ್ಕೂ ತಡೆ. ಮಾರ್ಕ್ಸ್ ಲೆಕ್ಕ ಮೂರು ಭಾಗ: ಮಕ್ಕಳ ಕಲಿಕೆ, ಕಾನೂನು ಪಾಲನೆ, ಮೇಲ್ವಿಚಾರಣೆಯ ಗುಣಮಟ್ಟ. ತೀರಾ ಕಳಪೆ ಅಂತ ಬಂದರೆ ಸ್ಪಾನ್ಸರ್ ಪಟ್ಟವೇ ಹೋಗುತ್ತೆ.

2016ರ ಅಕ್ಟೋಬರ್‌ನಲ್ಲಿ ಆ ಲೆಕ್ಕದ ಮೊದಲ ಫಲಿತಾಂಶ ಬಂತು. ಒಟ್ಟು 65 ಸ್ಪಾನ್ಸರ್‌ಗಳು. ಅತ್ಯುತ್ತಮ ದರ್ಜೆ ಒಬ್ಬರಿಗೂ ಇಲ್ಲ. ಪರಿಣಾಮಕಾರಿ 5. ಪರಿಣಾಮಕಾರಿ ಅಲ್ಲ 39. ಕಳಪೆ 21. ಶಾಲೆಗಳಿಗೆ ಮಾರ್ಕ್ಸ್ ಕೊಡ್ತಾ ಇದ್ದೋರ ಮಾರ್ಕ್ಸ್ ಕಾರ್ಡ್ ಇದು.

ಈಗ ಇಕಾಟ್‌ಗೆ ವಾಪಸ್ ಬರೋಣ. ಸ್ಥಾಪಕ ವಿಲಿಯಂ ಲೇಗರ್. ಶಾಲೆ ಲಾಭಕ್ಕಲ್ಲ. ಆದರೆ ಆಡಳಿತ ನೋಡಿಕೊಳ್ಳೋ ಕಂಪನಿ, ಸಾಫ್ಟ್‌ವೇರ್ ಕೊಡೋ ಕಂಪನಿ, ಎರಡೂ ಇವರದ್ದೇ. ರಾಜಕಾರಣಿಗಳಿಗೆ ಧಾರಾಳವಾಗಿ ದೇಣಿಗೆ ಕೊಟ್ಟವರು. ಇಲಾಖೆ 2016ರಲ್ಲಿ ಒಂದು ಸರಳ ಕೆಲಸ ಮಾಡಿತು. ಮಕ್ಕಳು ಎಷ್ಟು ಹೊತ್ತು ಲಾಗಿನ್ ಆಗಿದ್ದಾರೆ, ದಾಖಲೆ ಕೊಡಿ ಅಂದಿತು. ಪೂರ್ಣಾವಧಿ ವಿದ್ಯಾರ್ಥಿ ಅನ್ನಿಸಿಕೊಳ್ಳೋಕೆ ವರ್ಷಕ್ಕೆ 920 ಗಂಟೆ. ನೋಡಿದರೆ ಎಷ್ಟೋ ಮಕ್ಕಳ ಲಾಗಿನ್ ದಿನಕ್ಕೆ ಒಂದು ಗಂಟೆಯ ಆಸುಪಾಸು. ಶಾಲೆ ಹೇಳಿದ್ದು 15 ಸಾವಿರಕ್ಕೂ ಹೆಚ್ಚು ಪೂರ್ಣಾವಧಿ ಮಕ್ಕಳು. ದಾಖಲೆ ಸಿಕ್ಕಿದ್ದು ಸುಮಾರು 6,300ಕ್ಕೆ. ಮಿಕ್ಕ ಮಕ್ಕಳ ಹೆಸರಿನಲ್ಲಿ ಬಂದಿದ್ದ ದುಡ್ಡು? ಸುಮಾರು 6 ಕೋಟಿ ಡಾಲರ್ ವಾಪಸ್ ಕೊಡಿ ಅಂತ 2017ರ ಜೂನ್‌ನಲ್ಲಿ ಸ್ಟೇಟ್ ಬೋರ್ಡ್ ಮತ ಹಾಕಿತು.

ಶಾಲೆಯ ವಾದ ಕೇಳಿ. ನಾವು 920 ಗಂಟೆಯ ಪಾಠ ಒದಗಿಸಬೇಕು ಅಂತ ಕಾನೂನು ಹೇಳುತ್ತೆ, ಮಕ್ಕಳು ಕೂತು ಕಲಿಯಲೇಬೇಕು ಅಂತ ಎಲ್ಲಿ ಹೇಳುತ್ತೆ? ಹೋಟೆಲಿನವನು, ಮೆನು ಕಾರ್ಡ್ ಟೇಬಲ್ ಮೇಲಿಟ್ಟಿದ್ದೆ, ಊಟದ ಬಿಲ್ ಕೊಡಿ ಅಂದ ಹಾಗಾಯ್ತು. 2018ರ ಆಗಸ್ಟ್‌ನಲ್ಲಿ ಒಹಾಯೊ ಸುಪ್ರೀಂ ಕೋರ್ಟ್ 4-2 ಬಹುಮತದಿಂದ ಈ ವಾದವನ್ನು ತಳ್ಳಿಹಾಕಿತು. ಅಷ್ಟರಲ್ಲಿ ಶಾಲೆ ಮುಚ್ಚಿ ಏಳು ತಿಂಗಳಾಗಿತ್ತು. ಮುಚ್ಚುವ ತೀರ್ಮಾನಕ್ಕೆ ಕೊನೆಗೂ ಮತ ಹಾಕಿದ್ದು ಯಾರು ಗೊತ್ತಾ? ಅದರ ಸ್ಪಾನ್ಸರ್, ಟೊಲೆಡೊ ಊರಿನ ಒಂದು ಶಿಕ್ಷಣ ಸೇವಾ ಕೇಂದ್ರ. ಖಜಾನೆ ಖಾಲಿಯಾಗ್ತಿದೆ ಅಂತ ಗೊತ್ತಾದ ಮೇಲೆ.

ಇದೆಲ್ಲ ಅಮೆರಿಕದ ಕಥೆ, ನಮಗೇನು ಅನ್ನಬೇಡಿ. ನಮ್ಮ ದೇಶದಲ್ಲಿ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಪ್ರಧಾನ ಕಚೇರಿ ಇರೋದು ಬೆಂಗಳೂರಿನ ನಾಗರಭಾವಿಯಲ್ಲಿ. 2025ರ ಫೆಬ್ರವರಿಯಲ್ಲಿ ಆಂಧ್ರದ ಒಂದು ವಿದ್ಯಾಸಂಸ್ಥೆಗೆ ಹೋಗಿದ್ದ ನ್ಯಾಕ್ ತಂಡದವರನ್ನು ಸಿಬಿಐ ಲಂಚದ ಆರೋಪದ ಮೇಲೆ ಬಂಧಿಸಿತು. ನಗದು, ಚಿನ್ನ, ಲ್ಯಾಪ್‌ಟಾಪ್, ಮೊಬೈಲ್ ಅಂತ ಪಟ್ಟಿ. ಅಲ್ಲಿ ಅಂಕ ತಿದ್ದಿದ್ದನ್ನ ಬೋರ್ಡ್ ಸದಸ್ಯರು ಸಭೆಯಲ್ಲೇ ಕೇಳಿದರು. ಇಲ್ಲಿ ಪೊಲೀಸರು ಬರಬೇಕಾಯ್ತು.

ಒಹಾಯೊದಲ್ಲಿ ಆಮೇಲೆ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. 2023ರಲ್ಲಿ ಅಲ್ಲಿನ ಶಾಸಕಾಂಗ ಬಜೆಟ್ ಮಸೂದೆಯ ಜೊತೆಗೇ ಸ್ಟೇಟ್ ಬೋರ್ಡ್‌ನ ಹೆಚ್ಚಿನ ಅಧಿಕಾರಗಳನ್ನು ಕಿತ್ತು, ಗವರ್ನರ್ ಕೈಕೆಳಗಿನ ಹೊಸ ಇಲಾಖೆಗೆ ಕೊಟ್ಟಿತು. ಸ್ಪಾನ್ಸರ್‌ಗಳ ಮೇಲಿನ ಉಸ್ತುವಾರಿಯೂ ಅದರ ಜೊತೆಗೇ ಹೋಯ್ತು. ಇಲಾಖೆಯ ನಿರ್ದೇಶಕರನ್ನು ನೇಮಿಸುವವರು ಗವರ್ನರ್. 2015ರ ಜುಲೈನಲ್ಲಿ ಆ ಎಫ್‌ಗಳು ಎಲ್ಲಿ ಅಂತ ಕೇಳಿದ ಬೋರ್ಡ್‌ಗೆ ಉಳಿದಿದ್ದು ಮುಖ್ಯವಾಗಿ ಶಿಕ್ಷಕರ ಲೈಸೆನ್ಸ್ ಕಡತಗಳು.